ಬೆನ್ನು ತಿರುಗಿಸಿ ನಿಂತ ಸರ್

ನಿಪ್ಪಾಣಿಯಲ್ಲಿ ಮಗಳಿಗೆಂದು ಕೊಂಡ ಶಟಲ್ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಪುಕ್ಕದ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಐನಾಪುರದ ನಮ್ಮ ಆಟದ ಸರ್ ಬಂದು ನಿಂತರು, ಯಥಾಪ್ರಕಾರ ಬೆನ್ನು ತಿರುಗಿಸಿಕೊಂಡು...

ಸರ್ವಿಸ್ ಕಲಿಸುವಾಗ ಅವರು ನಮ್ಮತ್ತ ನೋಡುತ್ತಲೇ ಇರಲಿಲ್ಲ. ಕಬ್ಬಿನ ಹೊಲದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಶಟಲ್ ಹೊಡೆಯುವ ಮುಂಚೆ ಪಾದ ಸರಿದರೆ ಅದು ತಪ್ಪು. ತಪ್ಪಿದವರು ತಾವೇ ಕೈ ಎತ್ತಬೇಕು.

“ನಾ ನೋಡೂದಿಲ್ಲ, ಯವ್ವಾ. ನಿನ್ನ ಕಾಲ ಏನ ಮಾಡ್ತು ಅಂತ ನಿನಗ ಗೊತ್ತಿರತೈತಿ. ನೀನ ಹೇಳ” ಎನ್ನುತ್ತಿದ್ದರು.

ಮೊದಮೊದಲು ನಾವೆಲ್ಲ ಹಲ್ಲು ಕಿಸಿಯುತ್ತಾ ಸುಳ್ಳು ಹೇಳಿದವರೇ. ಬರಬರುತ್ತಾ ಆ ಬೆನ್ನಿಗೆ ಸುಳ್ಳು ಹೇಳುವುದು ಕಷ್ಟವಾಯಿತು. ನನ್ನ ಕೈಯಂತೂ ನನ್ನನ್ನು ಕೇಳದೆಯೇ ಮೇಲೇಳುತ್ತಿತ್ತು.

ಚಿಕ್ಕೋಡಿಯಲ್ಲಿ ತಂಡದ ಆಯ್ಕೆ ನಡೆದಿತ್ತು. ಈ ಸಲ ಆಯ್ಕೆಯಾಗದಿದ್ದರೆ ಆಟ ಬಂದ್ ಎಂದು ಅಪ್ಪ ಮೊದಲೇ ಹೇಳಿದ್ದರು. ಕೊನೆಗೆ ನನಗೂ ಎದುರಾಳಿ ಹುಡುಗಿಗೂ ಬೇಕಾದದ್ದು ಒಂದೇ ಪಾಯಿಂಟು, ಸರ್ವಿಸ್ ನನ್ನದು. ನನ್ನ ಎಡಪಾದ ಸರಿಯಿತು. ಅಂಪೈರ್ ನೋಡಲಿಲ್ಲ, ಪಾಯಿಂಟು ನನ್ನದೆಂದು ಕೂಗಿಯೂ ಬಿಟ್ಟರು. ಅಷ್ಟರಲ್ಲಿ ನನ್ನ ಕೈ ಮೇಲಿತ್ತು... ಪಾಯಿಂಟು ಅವಳಿಗೆ ಹೋಯಿತು, ತಂಡದ ಜಾಗವೂ ಹೋಯಿತು.

ಸೀದಾ ಸರ್ ಹತ್ತಿರ ಹೋದೆ. ಒಂದು ಶಾಬಾಸ್ ಸಾಕಿತ್ತು ನನಗೆ.

“ಅಂಪೈರ್ ಕೇಳಿದ್ನೇನ ನಿನ್ನ? ಸುಮ್ನಿರಾಕ ಏನಾಗಿತ್ತ? ಶ್ಯಾಣೇತನ ತೋರಸಾಕ ಬಂದಾಳ!”

ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದ ಸರ್ ಐನಾಪುರದವರೆಗೂ ಹಿಂತಿರುಗಿ ನೋಡಲಿಲ್ಲ. ಅಪ್ಪ ಮಾತಿಗೆ ತಪ್ಪಲಿಲ್ಲ, ರಾಕೆಟ್ ಅಟ್ಟ ಸೇರಿತು. ಮರುವರ್ಷದ ಹುಡುಗಿಯರಿಗೆ ಸರ್ ಎದುರಿಗೇ ನಿಂತು ಕಲಿಸುತ್ತಿದ್ದರಂತೆ. ಕೈ ಎತ್ತುವುದು ಬೇಡ ಎಂದರಂತೆ. ನಾನು ಕಳೆದುಕೊಂಡದ್ದು ಆಟವೊಂದನ್ನೇ ಅಲ್ಲ, ನಂಬಿದ್ದ ಸರ್ ಅವರನ್ನೂ ಎಂದು ಅವತ್ತು ತಿಳಿಯಿತು.

ಹೋದ ವರ್ಷ ಸರ್ ತೀರಿಕೊಂಡರು. ಮಣ್ಣಿಗೆ ನಾನು ಹೋಗಲಿಲ್ಲ, ಬೇಕಂತಲೇ.

ಇವತ್ತು ಅದೇ ಡಬ್ಬಿಯ ಮೊದಲ ಶಟಲ್ ಹಿಡಿದು ಮಗಳು ಸರ್ವಿಸ್ ಮಾಡಿದಳು. ಪಾದ ಸರಿದದ್ದು ನನ್ನ ಕಣ್ಣಿಗೆ ಬಿತ್ತು. ಅರಿವಿಲ್ಲದೆಯೇ ಸರ್ ಮಾತು ಬಾಯಿಗೆ ಬಂತು.

“ಕಾಲ ಬರೋಬರಿ ಇತ್ತೇನವಾ, ಸರೀಲಿಲ್ಲಲಾ? ನೀನ ಹೇಳ.”

“ಏಕದಂ ಬರೋಬರಿ, ಮಮ್ಮಿ.”

ಮುಂದಿನ ವಾರ ಅವಳಿಗೂ ಆಯ್ಕೆ ಇದೆ. “ಹೂಂನವಾ, ಬರೋಬರಿ ಇತ್ತು” ಎಂದುಬಿಟ್ಟೆ.

ಇಷ್ಟು ವರ್ಷ ಸರ್ ಅವರನ್ನು ಬೈಯಲು ನನಗೊಂದು ಹಕ್ಕಾದರೂ ಇತ್ತು...