ಬೆಂಗಳೂರಿಗೆ ಕಳಿಸಿದ ಡಾಕ್ಟರು

ಕುರ್ಚಿಯ ಕೈಗೆ ಸುತ್ತಿದ ಬಿಳಿ ದಾರದಲ್ಲಿ ಗಂಟಿನ ಮೇಲೆ ಗಂಟು. ರೋಗಿಯ ಮಾತು ಕೇಳುತ್ತಲೇ ಡಾಕ್ಟರು ಎಡಗೈಯೊಂದರಲ್ಲೇ ಅವನ್ನು ಹಾಕುತ್ತಿದ್ದರು, ಅತ್ತ ನೋಡದೆ.

"ಯಾವ ದೇವ್ರ ಹರಕೆ ಡಾಕ್ಟ್ರೇ ಇದು?" ಎಂದು ಅವ್ವ ಒಮ್ಮೆ ಕೇಳಿದ್ದಳು.

"ಹೊಟ್ಟೆಪಾಡಿನ ದೇವ್ರು ಕಣವ್ವ. ಎರಡು ವಾರ ಬಿಟ್ರೆ ಹೊಲಿಗೆ ಗಂಟು ಹಾಕೋದನ್ನ ಬೆರಳು ಮರೆತುಬಿಡ್ತವೆ."

ಎಪ್ಪತ್ತರ ದಶಕದಲ್ಲಿ ಮಳವಳ್ಳಿಯಲ್ಲಿ ಅವರದೊಂದು ಪುಟ್ಟ ನರ್ಸಿಂಗ್ ಹೋಂ ಇತ್ತು. ಅಪೆಂಡಿಕ್ಸ್, ಹರ್ನಿಯಾ, ಕಷ್ಟದ ಹೆರಿಗೆ, ಯಾವುದಕ್ಕಾದರೂ ಹಲಗೂರು, ಬಂಡೂರು ಕಡೆಯ ಜನ ಅವರಲ್ಲಿಗೇ ಬರುತ್ತಿದ್ದರು. ಅವರ ಕೈಗುಣ ದೊಡ್ಡದು ಎಂಬುದು ಸುತ್ತಿನವರ ನಂಬಿಕೆ. ಆಪರೇಷನ್ ಆದವರು ಕಣ್ಣು ಬಿಟ್ಟು ಒಂದು ಮಾತಾಡುವವರೆಗೆ ಅವರು ಮಂಚದ ಪಕ್ಕದಿಂದ ಏಳುತ್ತಿರಲಿಲ್ಲ. ಆ ಮಾತು ಬೈಗುಳವಾದರೆ ಅವರಿಗೆ ಇನ್ನೂ ಖುಷಿ.

ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದ ವರ್ಷ ಅವ್ವನ ದವಡೆಯಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿತು. "ನೀವೇ ಕುಯ್ದಾಕ್ಬುಡಿ" ಎಂದಳು. ಡಾಕ್ಟರು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ನಮ್ಮ ಕಡೆ ಬೆಂಗಳೂರಿಗೆ ಕಳಿಸುವುದೆಂದರೆ ಆಸೆ ಬಿಟ್ಟಂತೆ. ಅವ್ವ ಚೀಟಿಯನ್ನು ಮೇಜಿನ ಮೇಲೇ ಬಿಟ್ಟು ಎದ್ದಳು.

"ಸಾಯೋದಾದ್ರೆ ನಮ್ಮನೇಲೇ ಸಾಯ್ತೀನಿ ಬುಡಿ. ನಾ ಎಲ್ಗೂ ಓಗಾಕಿಲ್ಲ."

ಅವಳು ಹೊರಗೆ ಹೋದ ಮೇಲೆ ಅವರು ನನಗೆ ಹೇಳಿದರು: "ಇಂಥಾ ಆಪರೇಷನ್ ನಾನು ಇದುವರೆಗೆ ಮೂರು ಮಾಡಿದ್ದೀನಿ. ಅಲ್ಲಿ ವಾರಕ್ಕೆ ಅಷ್ಟು ಮಾಡ್ತಾರೆ."

"ಆ ಮೂವರು?"

"ಯಾರೂ ಉಳೀಲಿಲ್ಲ. ಮನೆಯವರು ಬಂದು, ಹಣೆಬರಹ ಅಂತ ನನಗೇ ಸಮಾಧಾನ ಹೇಳಿದ್ರು. ಒಬ್ಬರಾದ್ರೂ ಬೈಲಿಲ್ಲ ಕಣಮ್ಮ."

ಸಂಜೆ ಅವರೇ ಮನೆಗೆ ಬಂದರು. "ಎರಡು ದಿನ ಬಾಗಿಲು ಮುಚ್ಚಿ ನಾನೂ ಜೊತೆಗೆ ಬರ್ತೀನಿ. ಈಗಲಾದ್ರೂ ಏಳವ್ವ" ಎಂದರು. ಆಸೆ ಬಿಟ್ಟವರು ಜೊತೆಗೆ ಬರುವುದಿಲ್ಲವೆಂದು ಅವ್ವನಿಗೂ ತೋರಿರಬೇಕು, ಒಪ್ಪಿದಳು. ಆದರೂ ಮುನಿಸು ಹೋಗಿರಲಿಲ್ಲ. ಬಸ್ಸಿನಲ್ಲಿ ಮದ್ದೂರಿನವರೆಗೆ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಅಲ್ಲಿ ಅವರು ಇಳಿದು ಎಳನೀರು ತಂದುಕೊಟ್ಟರು.

"ಕುಯ್ಯಾಕೆ ಎದ್ರಿಕೆ, ಎಳ್ನೀರ್ ಕೊಡ್ಸಾಕೆ ಧೈರ್ಯ" ಎಂದಳು.

"ಹೂಂ ಕಣವ್ವ, ಹೆದರಿಕೇನೇ" ಎಂದು ಅವರು ನಕ್ಕರು.

ಆಪರೇಷನ್ ದಿನ ನಮ್ಮ ಡಾಕ್ಟರು, ಅವ್ವನಿಗೆ ಮಂಪರು ಹತ್ತುವವರೆಗೆ ಒಳಗಿದ್ದು, ಸ್ವಲ್ಪ ಹೊತ್ತು ನೋಡಿ, ಹೊರಗೆ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತರು.

"ಡಾಕ್ಟರು ಕೇಳೋ ಮೊದಲೇ ಸಿಸ್ಟರು ಬೇಕಾದ್ದನ್ನ ಕೈಗೆ ಇಡ್ತಾರೆ. ಯಾರೂ ಮಾತೇ ಆಡಲ್ಲ. ನಮ್ಮಲ್ಲಾಗಿದ್ರೆ ಇಷ್ಟೊತ್ತಿಗೆ ಹುಡುಕ್ತಾ ಇರ್ತಿದ್ವಿ."

ಆ ದನಿಯಲ್ಲಿ ನಾಚಿಕೆ ಇರಲಿಲ್ಲ, ಅಸೂಯೆಯೂ ಇರಲಿಲ್ಲ.

ಅವ್ವ ಉಳಿದಳು. ಬಾಯಿ ಒಂದು ಕಡೆಗೆ ವಾಲಿತು, ಮಾತು ಮಾತ್ರ ಕಡಿಮೆಯಾಗಲಿಲ್ಲ. ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕೆಂದು ಅಲ್ಲಿಯವರು ಹೇಳಿದ್ದರು. ಮೂರನೆಯ ವರ್ಷ, ಹಾಗೆ ಹೋಗಬೇಕಾದ ಹಿಂದಿನ ದಿನ, ನಮ್ಮ ಡಾಕ್ಟರು ಹೃದಯಾಘಾತದಿಂದ ತೀರಿಕೊಂಡರು. ಇಬ್ಬರೂ ಹೋಗಿ ನೋಡಿ ಬಂದೆವು. ಅವ್ವ ಅನ್ನ ಮುಟ್ಟಲಿಲ್ಲ.

"ನಾಳೀಕೆ ಬೆಂಗ್ಳೂರು ಬ್ಯಾಡ ಬುಡು ಮಗ. ಅವ್ರೇ ಓದ್ಮ್ಯಾಲೆ ನಂಗಿನ್ನೇನು ತೋರ್ಸೋದು?"

ಮರುದಿನ ಬೆಳಿಗ್ಗೆ ಐದಕ್ಕೆ ಅವಳನ್ನು ಎಬ್ಬಿಸಿ, ತಲೆ ಬಾಚಿ, ಬೆಂಗಳೂರಿನ ಮೊದಲ ಬಸ್ಸು ಹತ್ತಿಸಿ, ಪಕ್ಕದಲ್ಲಿ ಕೂತೆ.