ಟಸ್ಕನಿಯ ಆಕಾಶದಲ್ಲಿ ನಮ್ಮ ಅಧ್ಯಕ್ಷರು

ಗೆಳೆಯರೇ, ಡಿಸ್ಕವರಿ ಗಾರ್ಡನ್ಸ್‌ ಬಡಾವಣೆಯ ನಮ್ಮ ಅನಿವಾಸಿ ಕನ್ನಡ ಬಳಗದ ಪಿಕ್ನಿಕ್ ಆಹ್ವಾನ ಇವತ್ತು ವಾಟ್ಸಾಪಿಗೆ ಬಂತು. ಹಿನ್ನೆಲೆಯಲ್ಲಿರುವುದು ಇಟಲಿ ಪ್ರವಾಸದಲ್ಲಿ ನಾನು ತೆಗೆದು ಗುಂಪಿಗೆ ಹಾಕಿದ್ದ ಫೋಟೋ. ಟಸ್ಕನಿಯ ಗುಡ್ಡ, ಒಂಟಿ ಸೈಪ್ರೆಸ್ ಮರ, ಮೇಲೆ ಏನೂ ಇಲ್ಲದ ಆಕಾಶ. ಆ ಆಕಾಶಕ್ಕಾಗಿ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿ, ಮೋಡ ಸರಿಯುವವರೆಗೂ ಹೊಲದ ಬದುವಿನ ಮೇಲೆ ನಿಂತಿದ್ದೆ. ಈಗ ಅಲ್ಲಿ ದುಂಡಗಿನ ಚೌಕಟ್ಟಿನೊಳಗೆ, ಸೂಟು ಹಾಕಿಕೊಂಡು, ನಮ್ಮ ಅಧ್ಯಕ್ಷರು ಉದಯಿಸಿದ್ದಾರೆ.

ಕಾರ್ಯದರ್ಶಿ ಶೆಟ್ಟರಿಗೆ ಫೋನ್ ಮಾಡಿದೆ.

"ಶೆಟ್ರೇ, ಆ ಆಕಾಶ ಖಾಲಿ ಇರಬೇಕಿತ್ತು."

"ಖಾಲಿ ಉಂಟಲ್ಲ ಅಂತಲೇ ಹಾಕಿದ್ದು ಮಾರಾಯ್ರೆ. ನಿಮ್ಮ ಬೇರೆ ಫೋಟೋದಲ್ಲೆಲ್ಲ ಜಾಗವೇ ಇಲ್ಲ."

"ಮರನಾದ್ರೂ ಕಾಣೋ ಹಾಗೆ ಮಾಡಿ. ಅದರ ಮೇಲೆ ಖಜಾಂಚಿ ಇದ್ದಾರೆ."

"ಅವರನ್ನು ತೆಗೆದ್ರೆ ಬಸ್ ಬುಕ್ ಆಗ್ಲಿಕ್ಕಿಲ್ಲ. ಬೇಕಾದ್ರೆ ನಿಮ್ಮದೂ ಒಂದು ಫೋಟೋ ಕಳಿಸಿ, ಗುಡ್ಡದಲ್ಲಿ ಸ್ವಲ್ಪ ಜಾಗ ಉಂಟು."

ಫೋನ್ ಇಟ್ಟು ಆಹ್ವಾನವನ್ನು ದೊಡ್ಡದು ಮಾಡಿ ನೋಡಿದೆ. ನನ್ನದು ಇಲ್ಲಿನ ದೇರಾ ಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕ ಸೆಕೆಂಡ್ ಹ್ಯಾಂಡ್ ಲೆನ್ಸ್. ಚಿತ್ರದ ನಡುಭಾಗ ಚೆನ್ನಾಗಿ ಬರುತ್ತದೆ, ನಾಲ್ಕು ಮೂಲೆಗಳು ಮಾತ್ರ ಮಬ್ಬು. ಅದೊಂದೇ ಕಾರಣ ಹೇಳಿ ಹೊಸ ಲೆನ್ಸಿಗಾಗಿ ಮನೆಯಲ್ಲಿ ವಾದಿಸುತ್ತ ಬಂದಿದ್ದೇನೆ. ಆಹ್ವಾನದ ಆ ನಾಲ್ಕೂ ಮೂಲೆಗಳಲ್ಲಿ ಈಗ ಪ್ರಾಯೋಜಕರ ಲೋಗೋಗಳು ಕೂತಿವೆ.

ಹೆಂಡತಿ ಫೋನ್ ಇಸಿದುಕೊಂಡು ನೋಡಿದಳು. "ಎಲ್ರೀ ಇದೆ ಮಬ್ಬು? ಈ ಲೆನ್ಸೇ ಸಾಕು."

ನನ್ನ ಸೂಟಿನ ಫೋಟೋ ಶೆಟ್ಟರಿಗೆ ಕಳಿಸಿದ್ದೇನೆ.