ಲಕೋಟೆಯೊಳಗಿನ ನಡೆ

ಮೊನ್ನೆ ಶನಿವಾರ ಬೆಳಗ್ಗೆ ಕಾಫಿ ಲೋಟ ಇಡಲು ಜಾಗ ಮಾಡೋಣವೆಂದು ಪೇಪರ್ ಸರಿಸಿದರೆ, ಅರ್ಧ ಪುಟದ ತುಂಬ ಮಹಿಳೆಯರ ರಾಷ್ಟ್ರೀಯ ಚದುರಂಗ ಚಾಂಪಿಯನ್‌ಷಿಪ್‌ನ ಇತಿಹಾಸ. ಯಾವ ವರ್ಷ, ಯಾವ ಊರು, ಗೆದ್ದವರು ಯಾರು. ನನಗೆ ಚದುರಂಗ ಬರುವುದಿಲ್ಲ. ಕುದುರೆ ಯಾಕೆ ಸೊಟ್ಟಗೆ ಹಾರುತ್ತದೆಂದು ಇವತ್ತಿಗೂ ತಿಳಿಯದು. ಆದರೂ ಬೆರಳಿಟ್ಟುಕೊಂಡು ಓದಿದೆ. ನಾನು ಹುಡುಕುತ್ತಿದ್ದ ವರ್ಷ ಇತ್ತು, ನಾವು ಹೋಗಿದ್ದ ಊರೂ ಇತ್ತು. ನನ್ನ ಓರಗಿತ್ತಿ ಮಂಜುಳಳ ಹೆಸರು ಇರಲಿಲ್ಲ. ಅವಳು ಗೆದ್ದಿರಲಿಲ್ಲವಲ್ಲ, ಹೇಗಿದ್ದೀತು? ಆದರೆ ಅವಳು ಸೋತಿದ್ದು ನನ್ನಿಂದಲೇ ಎಂದು ಹನ್ನೆರಡು ವರ್ಷದಿಂದ ನಾನು ಒಳಗೊಳಗೇ ನಂಬಿಕೊಂಡಿದ್ದೆ.

ಮಂಜುಳ ಸೋಸಲೆಯವಳು. ಮೇಷ್ಟರಾಗಿದ್ದ ಅವಳಪ್ಪನೇ ಆಟ ಕಲಿಸಿದ್ದು. ನನ್ನ ಮೈದುನನನ್ನು ಮದುವೆಯಾಗಿ ನಂಜನಗೂಡಿನ ನಮ್ಮ ಮನೆಗೆ ಬಂದಾಗ ಅವಳ ಟ್ರಂಕಿನಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಒಡವೆ ಇರಬೇಕೆಂದು ನಾನು ಆಸೆಗಣ್ಣಿನಿಂದ ನೋಡಿದ್ದುಂಟು. ತೆಗೆದರೆ ಕರಿ ಬಿಳಿ ಕಾಯಿಗಳು. ಅಪ್ಪ ಮಗಳು ಅಂಚೆ ಕಾರ್ಡಿನಲ್ಲೇ ಆಡುತ್ತಿದ್ದರು. ಒಂದು ಕಾರ್ಡಿಗೆ ಒಂದು ನಡೆ. ಒಂದು ಆಟ ಮುಗಿಯಲು ವರ್ಷ ಹಿಡಿಯುತ್ತಿತ್ತು. 'ಇದೇನವ್ವ ಗುಟ್ಟಿನ ಬರವಣಿಗೆ?' ಎಂದು ಪೋಸ್ಟ್‌ಮ್ಯಾನ್ ನನ್ನನ್ನು ಕೇಳುತ್ತಿದ್ದ, ನನಗೇನೋ ಗೊತ್ತಿರುವ ಹಾಗೆ.

ಮೈಸೂರಿನ ಪಂದ್ಯಗಳನ್ನು ಗೆದ್ದು, ರಾಜ್ಯದ ಆಯ್ಕೆಯನ್ನೂ ದಾಟಿ, ಅವಳಿಗೆ ರಾಷ್ಟ್ರೀಯ ಪಂದ್ಯದ ಕಾಗದ ಬಂತು. ತಮಿಳುನಾಡಿನ ಒಂದು ಊರಿನಲ್ಲಿ ಆಟ. ಆಗ ಅವಳ ಮಗುವಿಗೆ ಎಂಟು ತಿಂಗಳು. ನಮ್ಮತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ, 'ಕೂತ್ಕಂಡು ಆಡೋ ಆಟಕ್ಕೆ ರೈಲು ಅತ್ಕೊಂಡು ಓಯ್ತಾರಾ ಯಾರಾರಾ? ಇದೊಂದ್ಸಲ ಓಗು. ಸೋತ್ರೆ ಮತ್ತೆ ಕೇಳ್ಬ್ಯಾಡ' ಎಂದರು. ಮಗುವಿಗೆ ತಾಯಿ ಬೇಕು, ತಾಯಿ ಆಡುವಾಗ ಮಗುವನ್ನು ಎತ್ತಿಕೊಳ್ಳಲು ಯಾರಾದರೂ ಬೇಕು. ಅಷ್ಟು ದೂರ ರೈಲಿನಲ್ಲಿ ಹೋಗುವ ಆಸೆಗೆ ನಾನೇ ಮುಂದೆ ಬಿದ್ದೆ.

ಅಲ್ಲಿ ನನ್ನ ಜಾಗ ಹೊರಗಿನ ವರಾಂಡ. ಬಾಗಿಲಿನಿಂದ ಬರುವವರ ನಡಿಗೆ ನೋಡಿಯೇ ಗೆದ್ದವರು ಯಾರು, ಸೋತವರು ಯಾರು ಎಂದು ಲೆಕ್ಕ ಹಾಕುತ್ತಿದ್ದೆ. ಬಹಳ ಸಲ ತಪ್ಪುತ್ತಿತ್ತು.

ಕೊನೆಯ ಸುತ್ತು. ಅದನ್ನು ಗೆದ್ದರೆ ಮುಂದಿನ ವರ್ಷ ಆಯ್ಕೆ ಪಂದ್ಯಗಳಿಲ್ಲದೆ ನೇರವಾಗಿ ಆಡಬಹುದಿತ್ತು. ಸಂಜೆಯಾದರೂ ಆಟ ಮುಗಿಯಲಿಲ್ಲ. ಆಗಿನ ಪದ್ಧತಿ ಹೀಗೆ: ಹೊತ್ತಾದರೆ ಆಟ ನಿಲ್ಲಿಸಿ, ಆಡುವ ಸರದಿ ಇರುವವರು ಮುಂದಿನ ನಡೆಯನ್ನು ಯಾರಿಗೂ ಕಾಣದಂತೆ ಬರೆದು, ಲಕೋಟೆಗೆ ಹಾಕಿ ಅಂಟಿಸಿ ತೀರ್ಪುಗಾರರಿಗೆ ಕೊಡಬೇಕು. ಬೆಳಗ್ಗೆ ಅದನ್ನು ಒಡೆದು ಆಟ ಮುಂದುವರಿಸುತ್ತಾರೆ. ಈಗ ಆ ಪದ್ಧತಿಯೇ ಹೋಯಿತಂತೆ. ಆ ಸಂಜೆ ಬರೆಯುವ ಸರದಿ ಮಂಜುಳಳದು. ಸರಿಯಾಗಿ ಅದೇ ಹೊತ್ತಿಗೆ ನನ್ನ ತೋಳಿನಲ್ಲಿದ್ದ ಮಗು ಕಿಟಾರನೆ ಕಿರುಚಿಕೊಂಡಿತು. ತಟ್ಟಿದೆ, ಕುಣಿಸಿದೆ, ಹಾಡಿದೆ. ಹಾಡಿದ ಮೇಲೆ ಅಳು ಇನ್ನೂ ಜೋರಾಯಿತು. ಒಳಗಿನಿಂದ ಯಾರೋ ಇಣುಕಿ ನೋಡಿ ಬಾಗಿಲು ಮುಚ್ಚಿದರು.

ಮಂಜುಳ ಹೊರಗೆ ಬಂದು ಮಗುವನ್ನು ಎತ್ತಿಕೊಂಡಳು. ಗೆಲುವು ಅವಳದೇ ಎಂದು ನೋಡಿದವರೆಲ್ಲ ಹೇಳುತ್ತಿದ್ದರು. ನಾವು ಎರಡೆರಡು ದೋಸೆ ತಿಂದೆವು. ಅತ್ತೆಗೆ ಗಾಜಿನ ಬಳೆ ತೆಗೆದುಕೊಂಡೆವು. ಬಣ್ಣ ಆರಿಸುವಾಗ ಅವಳು ನಗುನಗುತ್ತಲೇ ಇದ್ದಳು.

ಬೆಳಗ್ಗೆ ತೀರ್ಪುಗಾರರು ಲಕೋಟೆ ಒಡೆದರು. ಆನೆಯನ್ನು ಇಡಲು ಅವಳು ಬರೆದಿದ್ದ ಮನೆಯಲ್ಲಿ ಅವಳದೇ ಕಾಲಾಳು ನಿಂತಿತ್ತು. ಆಡಲಾಗದ ನಡೆ ಬರೆದರೆ ಆಟ ಸೋತಂತೆ. ಐದು ನಿಮಿಷದಲ್ಲಿ ಎಲ್ಲ ಮುಗಿಯಿತು.

ಊರಿಗೆ ಬಂದು, 'ಅವಳಿಗೆ ತಲೆನೋವು ಬಂದಿತ್ತು' ಎಂದು ಎಲ್ಲರಿಗೂ ನಾನೇ ಹೇಳಿದೆ. ಮಗು ಅತ್ತ ಸುದ್ದಿ ಎತ್ತಲಿಲ್ಲ. ಅತ್ತೆ ಬಳೆ ತೊಟ್ಟುಕೊಂಡರು, ಸೋತರೆ ಮತ್ತೆ ಕೇಳಬೇಡವೆಂದ ಮಾತನ್ನೂ ಬಿಡಲಿಲ್ಲ. ಮಂಜುಳ ಮತ್ತೆ ಕೇಳಲೂ ಇಲ್ಲ. ಕೆಲವು ವರ್ಷದ ಮೇಲೆ ಶನಿವಾರ ಶನಿವಾರ ಟಿ. ನರಸೀಪುರದ ಒಂದು ಶಾಲೆಗೆ ಹೋಗಿ ಚದುರಂಗ ಹೇಳಿಕೊಡತೊಡಗಿದಳು.

ಮೊನ್ನೆ ಅವಳು ಶಾಲೆಗೆ ಹೋಗುವ ಬಸ್ಸಿನಲ್ಲೇ ನಾನೂ ಇದ್ದೆ. ಹೆಮ್ಮಿಗೆಯಲ್ಲಿ ನೆಂಟರ ಮನೆಯ ನಾಮಕರಣವಿತ್ತು. ಬೆಳಗಿನ ಪೇಪರ್ ತಲೆಯಲ್ಲೇ ಕೂತಿತ್ತು. ತಡೆಯಲಾರದೆ ಕೇಳಿಯೇ ಬಿಟ್ಟೆ.

'ಮಂಜುಳ, ಅವತ್ತು ಮಗು ಅಳದೇ ಇದ್ದಿದ್ರೆ ನೀನು ಗೆಲ್ತಿದ್ದೆ, ಅಲ್ವಾ?'

ಅವಳು ನನ್ನ ಮುಖವನ್ನೇ ನೋಡಿದಳು. 'ಅದನ್ನ ಇನ್ನೂ ಇಟ್ಕೊಂಡಿದ್ದೀರಾ ಅಕ್ಕ? ಅಷ್ಟೊತ್ತಿಗೆ ನಾನು ಬರ್ದು ಅಂಟ್ಸಾಗಿತ್ತು. ಅಳು ಕೇಳಿಸ್ತು. ಹಸಿವಿನ ಅಳು ಅಲ್ಲ ಅಂತ್ಲೂ ಗೊತ್ತಾಯ್ತು. ಆ ಸೆಕೇಲಿ ಉಣ್ಣೆ ಟೋಪಿ ಹಾಕಿದ್ರಲ್ಲ ನೀವು, ಅದಕ್ಕೆ ಅತ್ತಿದ್ದು. ಗೆದ್ದೇ ಬಿಟ್ಟೆ ಅನ್ನೋ ಜಂಬದಲ್ಲಿ ಬರ್ದೆ. ತಪ್ಪು ನಂದೇ. ಲಕೋಟೆ ಕೊಟ್ಟು ಬಾಗಿಲು ದಾಟೋದ್ರೊಳಗೆ ನಂಗೆ ಗೊತ್ತಾಗೋಗಿತ್ತು.'

ದೋಸೆ ತಿನ್ನುವಾಗ, ಬಳೆ ಆರಿಸುವಾಗ, ಆಗಲೇ ಅವಳಿಗೆ ಗೊತ್ತಿತ್ತು!

'ಗೊತ್ತಿದ್ದೂ ಬೆಳಗ್ಗೆ ಯಾಕೆ ಹೋದೆ? ಮೈ ಸರಿಯಿಲ್ಲ ಅಂತ ಹೇಳ್ಕಳಿಸಬೋದಿತ್ತಲ್ಲ.'

'ಎದುರಿಗಿದ್ದ ಹುಡುಗಿ ಸೋತೇ ಹೋದೆ ಅಂತ ಊಟ ಬಿಟ್ಟು ಕೂತಿದ್ಳಂತೆ. ಲಕೋಟೆ ಒಡೆಯೋವಾಗ ಅವಳ ಮುಂದೆ ನಾನಿರ್ಬೇಕು ತಾನೆ? ಹೋಗಿ ಕೈ ಕುಲುಕಿ ಬಂದೆ.'

ಟಿ. ನರಸೀಪುರ ಬಂತು. ಅವಳು ಪೆಟ್ಟಿಗೆ ಎತ್ತಿಕೊಂಡು ಇಳಿದಳು. ಹೆಮ್ಮಿಗೆಯ ಬಸ್ಸು ಪಕ್ಕದಲ್ಲೇ ನಿಂತಿತ್ತು. ನಾನು ಅದನ್ನು ಹತ್ತದೆ ಅವಳ ಹಿಂದೆಯೇ ಶಾಲೆಗೆ ಹೊರಟೆ. ನಾಮಕರಣ ತಪ್ಪಿಸಿದ್ದಕ್ಕೆ ನೆಂಟರು ಇನ್ನೂ ಮುನಿಸಿಕೊಂಡಿದ್ದಾರೆ. ಏನು ನೆಪ ಹೇಳಲೆಂದು ಎರಡು ದಿನ ಯೋಚಿಸಿದೆ. ತಲೆನೋವು ಎನ್ನುವುದು ನಾಲಿಗೆ ತುದಿಗೆ ಬಂದಿತ್ತು. ಆಮೇಲೆ ಬೇಡವೆನಿಸಿತು. ನಾಳೆ ಹೆಮ್ಮಿಗೆಗೆ ನಾನೇ ಹೋಗಿ, ನಡೆದದ್ದನ್ನು ನಡೆದ ಹಾಗೇ ಹೇಳಿ, ಬೈದರೆ ಬೈಸಿಕೊಂಡು ಬರುತ್ತೇನೆ.